ಒಬ್ಬರಿಗೆ ಮಾತ್ರ

ಏಪ್ರಿಲ್ ೯

ಅಕ್ಕ,

ಮನೆ ಸಿಕ್ಕಿತು. ಮೊದಲು ಅದನ್ನೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಾಲ್ಕನೇ ಪುಟಕ್ಕೆ ವಿಷಯ ಬರುತ್ತದೆ ಅಂತ ನೀನು ಬೈಯುತ್ತೀಯ. ಭಾನುವಾರ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನು ಮಾಡಿದಾಗೆಲ್ಲ ನನ್ನ ಮಗಳು ಕಡ್ಡಿ ನಿನ್ನ ಕಿವಿಗೆ ಕಿವಿ ಅಂಟಿಸಿಕೊಂಡು ನಿಂತಿರುತ್ತಾಳೆ. ಮಗುವಿಗೆ ಆಸೆ ತೋರಿಸಿ ಆಮೇಲೆ ಏನಾದರೂ ಹೆಚ್ಚುಕಡಿಮೆಯಾದರೆ ಆ ಪಾಪ ನನಗೆ ಬೇಡ. ಅದಕ್ಕೇ ನಿನ್ನ ಹೊಲಿಗೆ ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಓದಿ, ಕತ್ತರಿ ಇಡುವ ಡ್ರಾಯರಿನಲ್ಲಿ ಹಾಕಿಬಿಡು.

ಊರಿನ ದೊಡ್ಡ ಸ್ಟೇಷನ್ನಿನಿಂದ ಇಲ್ಲಿಗೆ ಲೋಕಲ್ ರೈಲಿನಲ್ಲಿ ನಲವತ್ತು ನಿಮಿಷ. ಹನ್ನೆರಡು ನಿಮಿಷಕ್ಕೊಂದು ರೈಲು. ಇಲ್ಲಿನವರು ಗಡಿಯಾರ ನೋಡುವುದಿಲ್ಲ, ಯಾವ ರೈಲು ಹೋಯಿತು ಅಂತ ಕೇಳುತ್ತಾರೆ. ಹಾಲಿನ ಅಂಗಡಿ ಮೊದಲನೇ ರೈಲಿಗೆ ಬಾಗಿಲು ತೆಗೆಯುತ್ತದೆ, ಕ್ಷೌರದ ಅಂಗಡಿ ಆಫೀಸಿನವರ ರೈಲು ಹೋದ ಮೇಲೆ. ಬಾಡಿಗೆ ಕೂಡ ಸ್ಟೇಷನ್ನಿಗೆ ಎಷ್ಟು ನಿಮಿಷ ಅನ್ನುವುದರ ಮೇಲೆ. ದಲ್ಲಾಳಿ ಐದೇ ನಿಮಿಷ ಅಂದ. ನಾನು ಮೂರು ಸಲ ನಡೆದು ನೋಡಿದೆ, ಹನ್ನೊಂದು. ದಲ್ಲಾಳಿಯ ಐದು ನಿಮಿಷ ಅಂದರೆ ನಾಯಿ ಅಟ್ಟಿಸಿಕೊಂಡು ಬಂದಾಗ ಓಡುವವರ ಐದು ನಿಮಿಷ.

ಆದರೂ ಹನ್ನೊಂದು ಪರವಾಗಿಲ್ಲ. ಹಳೇ ರೂಮಿನಿಂದ ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದಾಗ ಹೋಟೆಲಿನ ಲಾಂಡ್ರಿಗೆ ನಾಲ್ಕು ಸಲ ತಡವಾಗಿತ್ತು. ಐದನೇ ಸಲ ಆದರೆ ಬರಲೇಬೇಡ ಅಂತ ಸೂಪರ್‌ವೈಸರ್ ಹೇಳಿದ್ದರು. ಆರೂವರೆಗೆ ನಾನು ಇಸ್ತ್ರಿ ಮೆಷಿನ್ನಿನ ಮುಂದೆ ನಿಂತಿರಬೇಕು, ಇಲ್ಲದಿದ್ದರೆ ಹೋಟೆಲಿನ ಮಂದಿಗೆ ಸುಕ್ಕುಗಟ್ಟಿದ ದಿಂಬು. ಈಗ ಐದೂಕಾಲರ ರೈಲು ಸಿಕ್ಕರೆ ಆಯಿತು. ಸಿಗದಿದ್ದರೆ ಅಂತ ನಾಲ್ಕಕ್ಕೇ ಎದ್ದು ಕೂರುತ್ತೇನೆ, ಅದು ಬೇರೆ ಮಾತು.

ಮನೆ ಮಹಡಿಯ ಮೇಲೆ ಒಂದೇ ಕೋಣೆ. ರೈಲು ಬಂದಾಗ ಲೋಟ ಶೆಲ್ಫಿನ ಅಂಚಿಗೆ ಜರುಗುತ್ತದೆ. ಗೋಡೆ ಬಿರುಕು ಬಿಟ್ಟಿದೆಯಾ ಅಂತ ದಿನಾ ನೋಡುತ್ತೇನೆ. ಕೆಳಗೆ ಓನರು, ರೈಲ್ವೆಯಲ್ಲಿ ಟಿಕೆಟ್ ಚೆಕ್ ಮಾಡುತ್ತಿದ್ದವರು, ಈಗ ರಿಟೈರ್ಡು. ಬೀದಿಯವರೆಲ್ಲ ಟಿ.ಸಿ. ಸಾಹೇಬರು ಅನ್ನುತ್ತಾರೆ. ನನ್ನ ಹೆಸರು ಒಂದು ದಿನವೂ ಕರೆದಿಲ್ಲ. ಮೇಲಿರುವುದಕ್ಕೆ ಅಪ್ಪರ್ ಬರ್ತ್ ಅನ್ನುತ್ತಾರೆ. "ಏನಮ್ಮ ಅಪ್ಪರ್ ಬರ್ತ್, ಇವತ್ತು ಎರಡು ನಿಮಿಷ ಲೇಟು" ಅಂತ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಹೇಳುತ್ತಾರೆ. ನಗುತ್ತಾರೋ ಇಲ್ಲವೋ ತಿಳಿಯುವುದಿಲ್ಲ.

ಅಕ್ಕ, ಅವಳ ಅಪ್ಪ ತೀರಿಕೊಂಡಾಗ ಆರು ತಿಂಗಳು ಇಟ್ಟುಕೋ ಅಂತ ಕಡ್ಡಿಯನ್ನು ನಿನ್ನ ಹತ್ತಿರ ಬಿಟ್ಟು ಬಂದೆ. ಜೂನಿಗೆ ಎರಡು ವರ್ಷ. ನಿನಗೂ ಭಾವನಿಗೂ ಎಷ್ಟು ಅಂತ ಹೊರೆ. ಶಾಲೆ ಶುರುವಾಗುವುದರೊಳಗೆ ಬಂದು ಕರೆದುಕೊಂಡು ಹೋಗುತ್ತೇನೆ. ಈ ಸಲ ನಿಜವಾಗಿ. ಸೂರು ಇಳಿಜಾರಾಗಿರುವ ಮೂಲೆಯೊಂದಿದೆ, ಅಲ್ಲಿಗೆ ಸರಿಯಾಗಿ ಒಂದು ಪುಟ್ಟ ಮಂಚ ಮಾಡಿಸಬೇಕು. ಅವಳ ಎತ್ತರ ಬರೆದು ಕಳಿಸು. ಅವಳಿಗೆ ಕೇಳಿಸದಂತೆ ಅಳೆ.

ನಿನ್ನ ತಂಗಿ

ಏಪ್ರಿಲ್ ೨೧

ಪುಕ್ಕಲಿ,

ಕಾಗದ ಸಿಕ್ಕಿತು. ನಾಲ್ಕಕ್ಕೇ ಎದ್ದು ಕೂತು ಏನು ಮಾಡುತ್ತೀಯ, ರೈಲಿಗೆ ತಿಂಡಿ ಮಾಡಿ ಕೊಡುತ್ತೀಯಾ? ನಿದ್ದೆ ಮಾಡು.

ಹೊರೆ ಅಂತ ಬರೆದಿದ್ದೀಯ. ನಾನಾಗಲಿ ನಿನ್ನ ಭಾವನಾಗಲಿ ಯಾವತ್ತಾದರೂ ಹಾಗೆ ಅಂದಿದ್ದೇವಾ? ಅವರು ಬಸ್ ಡ್ಯೂಟಿ ಮುಗಿಸಿ ಬಂದವರೇ ಅವಳ ಗಣಿತದ ಪುಸ್ತಕ ಹಿಡಿದು ಕೂರುತ್ತಾರೆ. ಇಬ್ಬರಿಗೂ ಬರುವುದಿಲ್ಲ. ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದಿ ಎರಡು ತಪ್ಪು ಮಾಡಿ ಮೇಲೇಳುತ್ತಾರೆ. ಅಂಗಡಿ ಮುಚ್ಚಿ ಬರುವ ಹೊತ್ತಿಗೆ ಮನೆಯಲ್ಲಿ ದೀಪ ಹತ್ತಿರುತ್ತದೆ. ಮೊದಲು ನಾನೇ ಬಂದು ಹಚ್ಚಬೇಕಿತ್ತು.

ಎತ್ತರ ಕೇಳಿದ್ದೀಯ. ಅಂಗಡಿಯ ಅಳತೆ ಪುಸ್ತಕ ನೋಡಿ ಬರೆಯುತ್ತಿದ್ದೇನೆ. ನಾಲ್ಕು ಅಡಿ ಐದು ಅಂಗುಲ. ಕಡ್ಡಿ ಇನ್ನೂ ಕಡ್ಡಿಯೇ.

ಕರೆದುಕೊಂಡು ಹೋಗುವ ಮಾತು ಎತ್ತದೆ, ನೀನು ರೈಲಿನ ಹತ್ತಿರ ಮನೆ ಬದಲಾಯಿಸಿದೆ ಅಂತ ಮಾತ್ರ ಅವಳಿಗೆ ಹೇಳಿದೆ. ನಿನ್ನ ಕಿಟಕಿಯಿಂದ ರೈಲು ಕಾಣುತ್ತದಾ, ಬರೀ ಸದ್ದು ಕೇಳುತ್ತದಾ ಅಂತ ಅವಳು ಕೇಳಿದಳು. ನೀನೇ ಹೇಳು ಅವಳಿಗೆ. ಒಂದು ಮಾತು, ಮಗಳಿದ್ದಾಳೆ ಅಂತ ಓನರಿಗೆ ಹೇಳಿದ್ದೀಯ ತಾನೆ? ನಿನ್ನ ಭಾವ ಕೇಳು ಅಂದರು.

ಅಕ್ಕ

ಮೇ ೧೪

ಅಕ್ಕ,

ತಡವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಲಾಂಡ್ರಿಯಲ್ಲಿ ಇಬ್ಬರು ಕೆಲಸ ಬಿಟ್ಟರು, ಅವರ ಪಾಲಿನ ಚಾದರಗಳೂ ನಮ್ಮ ತಲೆಗೇ ಬಿದ್ದಿವೆ. ಹಬೆಯಲ್ಲಿ ನಿಂತು ನಿಂತು ಸಂಜೆ ರೈಲಿನಲ್ಲಿ ಕಂಬಿ ಹಿಡಿದೇ ಕಣ್ಣು ಮುಚ್ಚಿಹೋಗುತ್ತದೆ. ಮೊನ್ನೆ ಇಳಿಯುವ ಸ್ಟೇಷನ್ ದಾಟಿ ಮುಂದೆ ಹೋಗಿಬಿಟ್ಟೆ. ದಿನಾ ಅದೇ ರೈಲಿಗೆ ಬರುವ ನರ್ಸಮ್ಮ ಒಬ್ಬಳಿದ್ದಾಳೆ, ಪಕ್ಕದಲ್ಲೇ ನಿಂತಿದ್ದಳು, ಎಬ್ಬಿಸಲೋ ಬೇಡವೋ ಅಂತ ಯೋಚಿಸಿದಳಂತೆ, ಅಷ್ಟು ಚೆನ್ನಾಗಿ ನಿದ್ದೆ ಮಾಡುತ್ತಿದ್ದಿರಿ ಅಂದಳು. ನಿಂತುಕೊಂಡು.

ಮಂಚ ಆಯಿತು. ಬಡಗಿ ನಾಲ್ಕು ಅಡಿ ಐದು ಅಂಗುಲಕ್ಕೆ ಮೇಲೆ ಮೂರು ಅಂಗುಲ ಬಿಟ್ಟು ಮಾಡಿದ್ದಾನೆ. ಮೂಲೆಗೆ ಅಚ್ಚು ಹೊಯ್ದ ಹಾಗೆ ಕೂತಿದೆ. ಮೇಲೆ ಬಟ್ಟೆ ಗಂಟು ಇಟ್ಟಿದ್ದೇನೆ, ಬರೀ ಮಂಚ ಕಂಡರೆ ಏನೋ ಆಗುತ್ತದೆ.

ಕಡ್ಡಿಯನ್ನು ಕರೆತರುವ ವಿಷಯ. ಅಕ್ಕ, ಇನ್ನು ಸ್ವಲ್ಪ ದಿನ ನೋಡೋಣವಾ? ಶಾಲೆ ಹಳಿಯ ಆಚೆ ಬದಿಗಿದೆ. ಹಳಿ ದಾಟುವ ಮೇಲ್ಸೇತುವೆಯ ಕಟಕಟೆಯಲ್ಲಿ ಎರಡು ಕಂಬಿಯೇ ಇಲ್ಲ, ಹಗ್ಗ ಕಟ್ಟಿದ್ದಾರೆ. ಹಗ್ಗಕ್ಕೆ ಕಡ್ಡಿಯಂಥವಳು ನಿಲ್ಲುತ್ತಾಳಾ? ಆಮೇಲೆ ನೀರು ದಿನ ಬಿಟ್ಟು ದಿನ. ಆಮೇಲೆ ನಾನು ಐದಕ್ಕೆ ಮನೆ ಬಿಟ್ಟರೆ ಅವಳನ್ನು ಎಬ್ಬಿಸುವವರು ಯಾರು, ಬೀಗ ಹಾಕುವವರು ಯಾರು. ಹೇಳಿದರೆ ನೀನು ನಗುತ್ತೀಯ, ಆದರೆ ಹಾಸಿಗೆಗೆ ಬಿದ್ದ ಕೂಡಲೇ ಇದೆಲ್ಲ ಒಂದರ ಹಿಂದೆ ಒಂದು ಬೋಗಿಯ ಹಾಗೆ ಬರುತ್ತದೆ.

ರೈಲು ಕಿಟಕಿಗೆ ಕಾಣುತ್ತದೆ ಅಂತ ಅವಳಿಗೆ ಹೇಳು. ಪೂರ್ತಿ ಅಲ್ಲ, ಮೇಲಿನ ಅರ್ಧ.

ತಂಗಿ

ಜೂನ್ ೬

ಪುಕ್ಕಲಿ,

ನೇರವಾಗಿ ಬರೆಯುತ್ತೇನೆ. ನಿನಗೆ ಗೊತ್ತಲ್ಲ, ನನಗೆ ಸುತ್ತಿ ಬಳಸಿ ಬರುವುದಿಲ್ಲ.

ಭಾನುವಾರ ಹತ್ತು ಗಂಟೆಗೆ ನೀನು ಫೋನು ಮಾಡುತ್ತೀಯ. ಪ್ರತಿ ಸಲವೂ ಹಿಂದೆ ಮೈಕಿನಲ್ಲಿ ಯಾರೋ ರೈಲಿನ ಹೆಸರು ಕೂಗುತ್ತಿರುತ್ತಾರೆ. ವಾರಕ್ಕೊಂದು ರಜೆ. ಆ ದಿನವೂ ಮನೆಯಲ್ಲಿ ಕಾಲು ಚಾಚಿ ಕೂತು ಮಗಳ ಜೊತೆ ಹತ್ತು ನಿಮಿಷ ಮಾತಾಡಲು ಆಗುವುದಿಲ್ಲವಾ? ಎಲ್ಲಿಗೆ ಹೋಗುತ್ತಿರುತ್ತೀಯ? ಅವಳೂ ಕೇಳಿದಳು, ಅಮ್ಮ ಯಾವಾಗಲೂ ಎಲ್ಲಿಗೆ ಹೊರಟಿರ್ತಾಳೆ ದೊಡ್ಡಮ್ಮ ಅಂತ.

ಹಗ್ಗ ಕಟ್ಟಿದ ಸೇತುವೆ, ನೀರು, ಬೀಗ. ಎಲ್ಲ ಸರಿ. ಆದರೆ ಮನೆ ಹುಡುಕುವಾಗ ಸೇತುವೆ ಇರಲಿಲ್ಲವಾ? ನಾನು ಅಕ್ಕ, ನಿನ್ನ ಮೂಗು ಒರೆಸಿದವಳು. ಯಾರಾದರೂ ಇದ್ದರೆ ಹೇಳಿಬಿಡು. ನಿನಗೂ ವಯಸ್ಸೇನು ಮಹಾ ಆಗಿಲ್ಲ, ನಾನು ತಪ್ಪು ತಿಳಿಯುವುದಿಲ್ಲ. ಆದರೆ ಅದಕ್ಕೋಸ್ಕರ ಮಗುವನ್ನು ತಿಂಗಳು ತಿಂಗಳು ಮುಂದೂಡುವುದಾದರೆ ಬಾಯಿ ಬಿಟ್ಟು ಹೇಳು.

ಶಾಲೆ ಶುರುವಾಯಿತು. ನೀನು ಬರಲಿಲ್ಲ. ಇಲ್ಲೇ ಸೇರಿಸಿದ್ದೇನೆ, ಈ ವರ್ಷಕ್ಕೆ.

ಹೋದ ವಾರ ಹೊಟ್ಟೆನೋವು ಅಂತ ಎರಡು ದಿನ ಮಲಗಿದ್ದಳು. ಈಗ ಸರಿಯಾಗಿದ್ದಾಳೆ. ನೀನು ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಅಕ್ಕ

ಜುಲೈ ೧೯

ಅಕ್ಕ,

ಆರು ವಾರ ಬರೆಯಲಿಲ್ಲ. ಮುಖ ಊದಿಸಿಕೊಂಡಿದ್ದಾಳೆ ಅಂತ ನೀನು ತಿಳಿದಿರುತ್ತೀಯ. ಊದಿಸಿಕೊಂಡಿದ್ದೆ. ಪ್ರತಿ ವಾರ ಒಂದು ಕಾಗದ ಬರೆದು ಹರಿದು ಹಾಕಿದೆ.

ಯಾರೂ ಇಲ್ಲ. ಬೆಳಿಗ್ಗೆ ಐದೂಕಾಲಿಗೆ ಹೋಗಿ ಸಂಜೆ ಆರಕ್ಕೆ ಬರುವವಳನ್ನು, ಮೈಯೆಲ್ಲ ಸೋಪಿನ ನಾತ ಹೊಡೆಯುವವಳನ್ನು ಯಾರು ನೋಡುತ್ತಾರೆ? ನನ್ನನ್ನು ನೋಡುವವರು ಇಬ್ಬರೇ. ಟಿ.ಸಿ. ಸಾಹೇಬರು, ಹೊತ್ತಿಗೆ ಬಂದೆನಾ ಅಂತ. ಸೂಪರ್‌ವೈಸರು, ಅದೂ ಅದಕ್ಕೇ.

ಭಾನುವಾರ ನಾನು ಎಲ್ಲಿಗೂ ಹೋಗುತ್ತಿರುವುದಿಲ್ಲ. ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನ ಮೇಲೆ ಕೂತು ಮಾತಾಡುತ್ತೇನೆ, ಮತ್ತೆ ಮನೆಗೆ ಬರುತ್ತೇನೆ. ಮನೆಯ ನೆಲ ತೆಳು, ಮೇಲೆ ಆಡಿದ ಮಾತು ಕೆಳಗೆ ಕೇಳಿಸುತ್ತದೆ. ಇಷ್ಟೇ ಕಾರಣ. ಬೇರೆ ಏನೂ ಕೇಳಬೇಡ.

ಹೊಟ್ಟೆನೋವು ಯಾವ ಬದಿಗೆ? ಬಲಕ್ಕಾದರೆ ಒಂದು, ಎಡಕ್ಕಾದರೆ ಇನ್ನೊಂದು ಅಂತ ನರ್ಸಮ್ಮ ಹೇಳಿದಳು. ಜ್ವರ ಇತ್ತಾ? ವಾಂತಿ ಆಯಿತಾ? ಈಗ ಸರಿಯಾಗಿದ್ದಾಳೆ ಅಂತ ಬರೆದಿದ್ದೀಯ, ಆದರೆ ಎರಡು ದಿನ ಮಲಗಿದವಳು ಎರಡೇ ದಿನಕ್ಕೆ ಹೇಗೆ ಸರಿಯಾದಳು? ಆ ಸಾಲು ಓದಿದ ದಿನ ಮೆಷಿನ್ನಿನಲ್ಲಿ ಕೈ ಇಟ್ಟುಬಿಟ್ಟೆ. ಸಣ್ಣ ಸುಟ್ಟ ಗಾಯ, ಆರಿದೆ. ಎಲ್ಲ ನನ್ನಿಂದಲೇ ಆಗುತ್ತಿದೆ ಅಕ್ಕ. ನನ್ನ ಬಾಯಿ ಸರಿಯಿಲ್ಲ.

ತಂಗಿ

ಆಗಸ್ಟ್ ೩

ಅಕ್ಕ,

ಇವತ್ತು ರಜೆ ಹಾಕಿದ್ದೇನೆ. ಜ್ವರವೇನಿಲ್ಲ. ಇದನ್ನು ಬರೆಯುವುದಕ್ಕೇ ಹಾಕಿದ್ದು.

ಮನೆ ಹುಡುಕುವಾಗ ಹನ್ನೊಂದು ಮನೆ ನೋಡಿದ್ದೆ. ಗಂಡ ಇಲ್ಲ, ಹೆಣ್ಣು ಮಗು ಇದೆ ಅಂದ ಕೂಡಲೇ ಒಬ್ಬೊಬ್ಬರದು ಒಂದೊಂದು ನೆಪ. ಮನೆ ಬಳಿಸಬೇಕು, ತಮ್ಮನಿಗೆ ಕೊಟ್ಟಾಗಿದೆ, ಹೀಗೆ. ಹನ್ನೆರಡನೆಯದು ಇದು. ದಲ್ಲಾಳಿ ಮೆಟ್ಟಿಲ ಕೆಳಗೇ ನಿಲ್ಲಿಸಿ ಹೇಳಿದ, "ಇವ್ರು ಒಬ್ರಿಗೆ ಮಾತ್ರ ಕೊಡೋದು. ಮಕ್ಳು ಅಂತ ಬಾಯ್ ಬಿಟ್ರೆ ನಾನ್ ಇಲ್ಲಿಂದ್ಲೇ ವಾಪಸ್." ಮೇಲೆ ಹೋದೆವು. ಟಿ.ಸಿ. ಸಾಹೇಬರು ಕರಾರು ಪತ್ರ ಬರೆಯುತ್ತಿದ್ದರು. ಮಕ್ಕಳು ಅಂತ ಕೇಳಿದರು. ಇಲ್ಲ ಅಂದೆ.

ಮಕ್ಕಳು ಬೇರೆ ಕಡೆ ಇದ್ದಾರೆ ಅನ್ನಬಹುದಿತ್ತು. ಸುಮ್ಮನಿರಬಹುದಿತ್ತು. ಬಾಯಿಂದ ಬಂದದ್ದು ಇಲ್ಲ ಅಂತಲೇ. ಅವರು ಪತ್ರದಲ್ಲಿ ‘ಒಬ್ಬರಿಗೆ ಮಾತ್ರ’ ಅಂತ ಬರೆದು ಕೆಳಗೆ ಗೆರೆ ಎಳೆದರು. ನಾನು ರುಜು ಹಾಕಿದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಬೇರೆಯವರು ಓದುವ ಹಾಗೆ ಬರೆಯಲು ಬರುವುದೇ ಒಂದು ರುಜು, ಅದನ್ನು ಅದಕ್ಕೆ ಹಾಕಿದೆ.

ಆ ದಿನದಿಂದ ಅವಳ ಫೋಟೋ ಟ್ರಂಕಿನಲ್ಲಿ ಮುಖ ಕೆಳಗೆ ಮಾಡಿ ಇದೆ. ಪ್ಲಾಟ್‌ಫಾರ್ಮಿನಲ್ಲಿ ಮಾತಾಡುವುದು ಅದಕ್ಕೇ. ಮಂಚದ ಮೇಲೆ ಬಟ್ಟೆ ಗಂಟು ಅದಕ್ಕೇ, ಬಾಡಿಗೆ ಕೇಳಲು ಬಂದರೆ ಕಾಣಬಾರದು ಅಂತ. ಅವಳಿಗೆ ಹೊಟ್ಟೆನೋವು ಅಂತ ನೀನು ಬರೆದಾಗ, ಇದ್ದವಳನ್ನು ಇಲ್ಲ ಅಂದವಳು ನಾನೇ, ಅದಕ್ಕೇ ಹೀಗಾಯಿತು ಅಂತ ತಲೆಯೊಳಗೆ ಹೊಕ್ಕಿತು. ಮೂಢತನ ಅನ್ನು. ಹೊಕ್ಕಿದ್ದು ಹೊರಗೆ ಹೋಗುತ್ತಿಲ್ಲ.

ಹೇಳಿಬಿಡಬೇಕು ಅಂತ ದಿನಾ ಗೇಟಿನ ಹತ್ತಿರ ಒಂದು ನಿಮಿಷ ನಿಲ್ಲುತ್ತೇನೆ. ಅವರು ಗಡಿಯಾರ ನೋಡಿ ಒಂದು ನಿಮಿಷ ಲೇಟು ಅನ್ನುತ್ತಾರೆ. ಮೇಲೆ ಬರುತ್ತೇನೆ. ಮನೆ ಬಿಡಿ ಅಂದರೆ ಹದಿಮೂರನೆಯದು ಹುಡುಕುವ ಶಕ್ತಿ ನನಗಿಲ್ಲ. ಈ ವರ್ಷ ಅವಳು ನಿನ್ನ ಹತ್ತಿರವೇ ಇರಲಿ ಅಕ್ಕ. ನಾನು ಕೇಳುತ್ತಿರುವುದು ಏನು ಅಂತ ನನಗೆ ಗೊತ್ತು.

ತಂಗಿ

ಆಗಸ್ಟ್ ೩

ಪುಕ್ಕಲಿ,

ಫೋನು ಮಾಡಿದರೆ ನೀನು ಬೇಡ ಅನ್ನುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಇದು ನಿನ್ನ ಕೈ ಸೇರುವ ಹೊತ್ತಿಗೆ ಬೇಡ ಅನ್ನಲು ನಿನಗೆ ಹೊತ್ತಿರುವುದಿಲ್ಲ. ಭಾನುವಾರ, ಒಂಬತ್ತನೇ ತಾರೀಕು, ನಾನು ಕಡ್ಡಿಯನ್ನು ಕರೆದುಕೊಂಡು ನಿನ್ನ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ. ಅವಳ ಚೀಲ ಕಟ್ಟಿಯಾಗಿದೆ. ವರ್ಗಾವಣೆ ಪತ್ರವನ್ನು ಶಾಲೆಯಿಂದ ಸೋಮವಾರ ತೆಗೆಸಿ ಕಳಿಸುತ್ತೇನೆ.

ಯಾಕೆ ಇದ್ದಕ್ಕಿದ್ದ ಹಾಗೆ ಅಂದರೆ, ಇನ್ನು ಸ್ವಲ್ಪ ದಿನ ಹೋದರೆ ನನಗೆ ಕಳಿಸಲು ಆಗುವುದಿಲ್ಲ. ಹೋದ ವಾರ ಅಂಗಡಿಗೆ ಬಂದ ಹೆಂಗಸೊಬ್ಬಳು ನಿಮ್ಮ ಮಗಳು ನಿಮ್ಮ ಹಾಗೇ ನಡೀತಾಳೆ ಅಂದಳು. ಅಲ್ಲ, ತಂಗಿಯ ಮಗಳು ಅನ್ನಬೇಕಿತ್ತು. ನಾನು ನಿಮ್ಮ ರವಿಕೆ ಒಂದು ದಿನ ಮುಂಚೆಯೇ ಹೊಲಿದು ಕೊಡುತ್ತೇನೆ ಅಂದೆ. ಮನೆಗೆ ಬಂದು ನಿನ್ನ ಭಾವನ ಎದುರು ಹೇಳಿದೆ. ಅವರು ಅಟ್ಟದಿಂದ ಅವಳ ಚೀಲ ಇಳಿಸಿ ಕೊಟ್ಟರು.

ನಿನಗೆ ಎರಡು ಸುಳ್ಳು ಹೇಳಿದ್ದೇನೆ. ಒಂದು, ಏಪ್ರಿಲಿನಲ್ಲಿ ಬರೆದ ಎತ್ತರ. ಅಳತೆ ಪುಸ್ತಕದಲ್ಲಿದ್ದದ್ದು ನಿಜ, ಆದರೆ ಹಿಂದಿನ ವರ್ಷದ ಪುಟದ್ದು. ಈಗ ನಾಲ್ಕು ಅಡಿ ಹತ್ತು. ಲಂಗದ ಅಂಚು ಎರಡು ಸಲ ಬಿಚ್ಚಿ ಬಿಟ್ಟಿದ್ದೇನೆ. ಇನ್ನೊಂದು, ಆ ಹೊಟ್ಟೆನೋವು. ಅವಳು ದೊಡ್ಡವಳಾದಳು. ಮೇ ಕೊನೆಗೆ. ತಾಯಿಗೆ ಮೊದಲು ಹೇಳಬೇಕಾದ ಮಾತು. ಹೇಳಿದರೆ ನೀನು ಆ ಕ್ಷಣವೇ ಬಂದು ಎಳೆದುಕೊಂಡು ಹೋಗುತ್ತೀಯ ಅಂತ ನನಗೆ ಭಯವಾಯಿತು. ಅವಳು ಅಮ್ಮನಿಗೆ ಹೇಳು ಅಂದಳು. ಹೇಳಿದೆ ಅಂದೆ. ಅಮ್ಮ ಏನೂ ಕೇಳಲಿಲ್ಲವಾ ಅಂತ ಭಾನುವಾರ ಫೋನಾದ ಮೇಲೆ ನನ್ನ ಮುಖ ನೋಡಿದಳು.

ನಿನ್ನನ್ನು ಅನುಮಾನಿಸಿ ಬರೆದವಳು ನಾನು. ಬೈಯುವುದಿದ್ದರೆ ಭಾನುವಾರ ಅವಳು ಮಲಗಿದ ಮೇಲೆ ಬೈ.

ಅಕ್ಕ

ಆಗಸ್ಟ್ ೧೧

ಪುಕ್ಕಲಿ,

ನಿನ್ನೆ ಅಂಗಡಿ ತೆಗೆದಾಗ ಬಾಗಿಲ ಕೆಳಗೆ ನಿನ್ನ ಕಾಗದ ಬಿದ್ದಿತ್ತು. ಮೂರನೇ ತಾರೀಕಿನದು. ಹೊರಡುವ ಮೊದಲು ಸಿಕ್ಕಿದ್ದರೆ ನಾನು ಅವಳನ್ನು ಆ ಗೇಟಿನವರೆಗೆ ಕರೆತರುತ್ತಿರಲಿಲ್ಲ. ಮೊದಲು ನಿನಗೆ ಹೇಳಿಕೊಳ್ಳಲು ಬಿಡುತ್ತಿದ್ದೆ.

ಗೇಟಿನಲ್ಲಿ ಆದದ್ದು ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಯಾಕೆಂದರೆ ನೀನು ನೆಲ ನೋಡುತ್ತಿದ್ದೆ, ನಾನು ಅವಳ ಮುಖ ನೋಡುತ್ತಿದ್ದೆ. ಆ ಮನುಷ್ಯ ಕುರ್ಚಿಯಲ್ಲಿ ಕೂತಿದ್ದರು. "ಏನಮ್ಮ ಅಪ್ಪರ್ ಬರ್ತ್, ನೆಂಟ್ರಾ?" ಅಂದರು. ನೀನು ನಮ್ಮಕ್ಕ ಅಂದೆ. ಅವರು ಕಡ್ಡಿಯನ್ನು ನೋಡಿದರು.

"ಈ ಹುಡುಗಿ?"

"ಅಕ್ಕನ ಮಗಳು ಸಾರ್."

ಕಡ್ಡಿ ನಿನ್ನ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ಅವರನ್ನೇ ನೋಡಿ, ನಗುತ್ತಾ, "ಹೂಂ ಸಾರ್, ಚಿಕ್ಕಮ್ಮನ ಮನೆ ನೋಡೋಣ ಅಂತ ಬಂದ್ವಿ" ಅಂದಳು. ಎಷ್ಟು ಸಲೀಸಾಗಿ. ಹನ್ನೆರಡು ವರ್ಷದವಳಿಗೆ ಅಷ್ಟು ಬೇಗ ಎಲ್ಲ ಅರ್ಥವಾಗಬಾರದಿತ್ತು.

ಇನ್ನೊಂದು ಹೇಳಬೇಕು. ನೀನು ಅಕ್ಕನ ಮಗಳು ಅಂದಾಗ, ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು, ನನಗೆ ಖುಷಿಯಾಯಿತು. ಇಷ್ಟು ದಿನ ನಾನು ಒಳಗೊಳಗೇ ಬಯಸಿದ್ದನ್ನು ನೀನೇ ನಿನ್ನ ಬಾಯಿಂದ, ಸಾಕ್ಷಿ ಇಟ್ಟು ಕೊಟ್ಟ ಹಾಗೆ. ಆಮೇಲೆ ಅವಳ ನಗು ನೋಡಿದೆ. ಒಂದು ದಿನ ಇರುತ್ತೇನೆ ಅಂದಿದ್ದವಳು ಮಧ್ಯಾಹ್ನದ ರೈಲಿಗೇ ಹೊರಟೆ, ಅದಕ್ಕೇ. ನಿನ್ನ ಮೇಲಿನ ಕೋಪಕ್ಕಲ್ಲ.

ನಾನು ವಾಪಸ್ ಕರೆದುಕೊಂಡು ಹೋಗುತ್ತೇನೆ ಅಂದಾಗ ಅವಳು ಬೇಡ ಅಂದಳಲ್ಲ, ಕೆಲವು ದಿನ ಚಿಕ್ಕಮ್ಮನ ಮನೆಯಲ್ಲಿ ಇರುತ್ತೇನೆ ಅಂತ, ಕೋಣೆಯ ಒಳಗೆ, ನಾವು ಮೂವರೇ ಇದ್ದಾಗ. ಅದನ್ನು ಅವಳು ನಿನ್ನನ್ನು ಚುಚ್ಚಲು ಅಂದಳು ಅಂತ ನೀನು ತಿಳಿದಿರುತ್ತೀಯ. ಅಲ್ಲ. ನೆಲ ತೆಳು ಅಂತ ನೀನೇ ಅವಳಿಗೆ ಹೇಳಿದ್ದೆ.

ಮಂಚದಿಂದ ಅವಳ ಕಾಲು ಹೊರಗೆ ಚಾಚಿತ್ತು. ಅದು ನನ್ನ ತಪ್ಪು, ಬಡಗಿಯದಲ್ಲ.

ಈ ಸಲ ಕೆಳಗೆ ಹೋಗಿ ಹೇಳಿಬಿಡು. ಮನೆ ಹೋದರೆ ಹೋಗಲಿ.

ಅಕ್ಕ

ಆಗಸ್ಟ್ ೩೦

ಅಕ್ಕ,

ಹೇಳಿದೆ. ಮನೆ ಹೋಯಿತು. ನಿಧಾನವಾಗಿ ಬರೆಯುತ್ತೇನೆ, ಈ ಕಾಗದ ನೀನು ಒಂದೇ ಉಸಿರಿಗೆ ಓದಬೇಡ.

ನೀನು ಹೋದ ಮೇಲೆ ಎಂಟು ದಿನ ಅವಳು ನೆಂಟರ ಹುಡುಗಿಯಾಗಿಯೇ ಇದ್ದಳು. ಚೀಲ ಬಿಚ್ಚಲಿಲ್ಲ, ಬಾಗಿಲ ಹತ್ತಿರವೇ ಇಟ್ಟು ಒಂದೊಂದೇ ಬಟ್ಟೆ ಎಳೆದು ಹಾಕಿಕೊಳ್ಳುತ್ತಿದ್ದಳು. ನಾನು ಕೆಲಸಕ್ಕೆ ಹೋದಾಗ ಮೆಟ್ಟಿಲು ಇಳಿಯುವಾಗ ಸದ್ದು ಮಾಡುತ್ತಿರಲಿಲ್ಲವಂತೆ. ಚಪ್ಪಲಿ ಕೈಯಲ್ಲಿ. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿಲ್ಲ, ನನ್ನನ್ನು ನೋಡಿ ಕಲಿತದ್ದು. ಒಂದು ಸಂಜೆ ಟಿ.ಸಿ. ಸಾಹೇಬರು ಎಷ್ಟು ದಿನ ಇರ್ತೀಯಮ್ಮ ಅಂತ ಕೇಳಿದರು. ಇನ್ನೆರಡು ದಿನ ಸಾರ್ ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಮೇಲೆ ಬಂದು ನಿಜವಾಗಿಯೂ ಬಟ್ಟೆ ಮಡಿಸತೊಡಗಿದಳು ಅಕ್ಕ. ಅಷ್ಟು ಅಚ್ಚುಕಟ್ಟಾಗಿ, ನಾನು ಹೋಟೆಲಿನ ಮಂದಿಯ ಚಾದರ ಮಡಿಸುವ ಹಾಗೆ.

ಕೆಳಗೆ ಹೋದೆ. ಅವರು ಚಹಾ ಕುಡಿಯುತ್ತಿದ್ದರು. ಅವಳು ನನ್ನ ಮಗಳು ಅಂದೆ. ಮೊದಲು ಸುಳ್ಳು ಹೇಳಿದ್ದೆ ಅಂದೆ. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಅವರಿಗೆ ಗೊತ್ತಿತ್ತಂತೆ. ಭಾನುವಾರ ಪೇಪರ್ ತರಲು ಸ್ಟೇಷನ್ನಿಗೆ ಹೋದಾಗ ಬೆಂಚಿನ ಮೇಲೆ ನಾನು ಫೋನಿನಲ್ಲಿ ಮಾತಾಡುವುದು ಮೇ ತಿಂಗಳಲ್ಲೇ ಕೇಳಿಸಿತ್ತಂತೆ. ಹಾಗಾದರೆ ಯಾಕೆ ಕೇಳಲಿಲ್ಲ ಅಂದೆ. ಅವರು ಲೋಟ ಕೆಳಗಿಟ್ಟು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಮೂವತ್ತೊಂದು ವರ್ಷ ರೈಲಲ್ಲಿ ಓಡಾಡ್ದೆ. ಮಲಗಿರೋರನ್ನ ನಾನು ಎಬ್ಬಿಸ್ತಾ ಇರ್ಲಿಲ್ಲಮ್ಮ. ಕೆಲವ್ರು ನಿಜ್ವಾಗ್ಲೂ ಮಲಗಿರೋರು, ಕೆಲವ್ರು ಟಿಕೆಟ್ ಇಲ್ದೆ ಮಲಗಿರೋರು, ಕಣ್ಣು ಬಿಗಿಯಾಗಿ ಮುಚ್ಕೊಂಡಿದ್ರೆ ಗೊತ್ತಾಗುತ್ತೆ. ದಾಟ್ಕೊಂಡು ಹೋಗ್ತಿದ್ದೆ. ಆದ್ರೆ ಎದ್ದು ಕೂತು ನನ್ ಹತ್ರ ಟಿಕೆಟ್ ಇಲ್ಲ ಅಂದ್ರೆ, ದಂಡ ಬರೀಲೇಬೇಕು. ನೀವು ಈಗ ಎದ್ದು ಕೂತ್ರಿ."

ಸುಮ್ಮನೆ ಇದ್ದಿದ್ದರೆ ಇರಬಹುದಿತ್ತಾ ಅಂತ ಕೇಳಿದೆ. ಇರಬಹುದಿತ್ತು ಅಂದರು. ಅವಳು ನಿಮ್ಮನ್ನ ಚಿಕ್ಕಮ್ಮ ಅಂತ ಕರ್ಕೊಂಡು ಇರಬಹುದಿತ್ತು. ತಿಂಗಳ ಕೊನೆಗೆ ಬಿಡಿ ಅಂದರು. ಕೋಪದಿಂದಲ್ಲ. ಕರಾರು ಪತ್ರ ಹಾಗಿದೆ, ಅಷ್ಟೇ. ನನಗೂ ಅವರ ಮೇಲೆ ಕೋಪ ಬರಲಿಲ್ಲ, ಸುಸ್ತಾಯಿತು. ಮೆಟ್ಟಿಲು ಹತ್ತುವಾಗ ಮೊದಲನೇ ಸಲ ಸದ್ದು ಮಾಡಿಕೊಂಡು ಹತ್ತಿದೆ.

ಮನೆ ಹುಡುಕಲು ಈ ಸಲ ಅವಳನ್ನೂ ಕರೆದುಕೊಂಡು ಹೋದೆ. ದಲ್ಲಾಳಿ ಬೇಡ ಅಂದ, ಹುಡುಗಿ ಕಂಡ್ರೆ ಕೊಡಲ್ಲ ಅಂದ. ಕಾಣಲಿ ಅಂತಲೇ ಕರೆದುಕೊಂಡು ಹೋಗುತ್ತಿರುವುದು ಅಂದೆ. ಆರು ಕಡೆ ಇಲ್ಲ ಅಂದರು. ಏಳನೆಯದು ಸ್ಟೇಷನ್ನಿನಿಂದ ಬಹಳ ಒಳಗೆ, ಇಟ್ಟಿಗೆ ಸುಡುವ ಅಂಗಳದ ಆಚೆ, ಒಬ್ಬ ಮುದುಕಿಯ ಮನೆಯ ಹಿಂಬದಿ. ರೈಲಿನ ಸದ್ದು ಅಲ್ಲಿಗೆ ಬರುವುದಿಲ್ಲ. ಎಷ್ಟು ಜನ ಅಂತ ಕೇಳಿದರು. ಇಬ್ಬರು ಅಂದೆ. ಸರಿ, ಹಿಂದಿನ ಬಾಗಿಲ ಚಿಲಕ ಸಡಿಲ ಇದೆ ನೋಡಿಕೊಳ್ಳಿ ಅಂದರು. ಇಷ್ಟೇ ಮಾತು. ಈ ಇಷ್ಟು ಮಾತಿಗೆ ನಾನು ಐದು ತಿಂಗಳು ಹೆದರಿದ್ದೆ. ಈಗ ನಾಲ್ಕೂಮುಕ್ಕಾಲಿಗೇ ಮನೆ ಬಿಡಬೇಕು. ಮಂಚ ಬಡಗಿಗೇ ವಾಪಸ್ ಕೊಟ್ಟೆ, ನೆಲದ ಮೇಲೆ ಇಬ್ಬರೂ ಮಲಗುತ್ತೇವೆ. ಅವಳು ಗೋಡೆ ಕಡೆ ಮುಖ ಮಾಡಿ.

ಒಂದು ವಿಷಯ ನಿನಗೆ ಹೇಳದೆ ಇರಲಾರೆ. ನಾನು ಕೆಳಗೆ ಹೋಗಿ ಹೇಳಿ ಬಂದ ದಿನದಿಂದ ಅವಳು ನನ್ನನ್ನು ಚಿಕ್ಕಮ್ಮ ಅನ್ನುವುದು ಬಿಟ್ಟಳು. ಅಮ್ಮ ಅಂತಲೂ ಅನ್ನಲಿಲ್ಲ. ಏನೂ ಕರೆಯುವುದಿಲ್ಲ. ನೋಡು, ಬಾ, ಇದು ಎಲ್ಲಿಡಲಿ, ಹೀಗೆ ಮಾತು ನೇರ ಶುರುವಾಗುತ್ತದೆ. ನಾನು ಬೇರೆ ಕಡೆ ತಿರುಗಿದ್ದರೆ ತಿರುಗುವವರೆಗೆ ಕಾಯುತ್ತಾಳೆ. ಕರೆದರೆ ಆಗುತ್ತಿತ್ತು. ಕಾಯುತ್ತಾಳೆ. ದೊಡ್ಡವಳಾದದ್ದು ನನಗೆ ಗೊತ್ತಿರಲಿಲ್ಲ, ದೊಡ್ಡಮ್ಮ ಹೇಳಿರಲಿಲ್ಲ ಅಂತ ಹೇಳಿದೆ. ಗೊತ್ತು ಅಂದಳು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದಳು.

ನಿನ್ನೆ ರಜೆ ಹಾಕಿ ಶಾಲೆಗೆ ಹೋಗಿದ್ದೆವು. ನೀನು ಕಳಿಸಿದ ವರ್ಗಾವಣೆ ಪತ್ರ ನೋಡಿ, ವರ್ಷದ ನಡುವೆಯಾದರೂ ಸೇರಿಸಿಕೊಳ್ಳುತ್ತೇವೆ ಅಂದರು. ಗುಮಾಸ್ತರು ಒಂದು ಅರ್ಜಿ ಕೊಟ್ಟರು. ನನ್ನ ಅಕ್ಷರ ನಿನಗೆ ಗೊತ್ತು, ನಿನ್ನೊಬ್ಬಳಿಗೇ ಓದಲು ಬರುವುದು. ಅರ್ಜಿ ಅಂದರೆ ಯಾವಾಗಲೂ ಬೇರೆಯವರ ಕೈಯಲ್ಲೇ ಬರೆಸುವುದು. ಅವಳೇ ಬೆಂಚಿನ ಮೇಲೆ ಕೂತು ತುಂಬುತ್ತಿದ್ದಳು. ಹುಟ್ಟಿದ ದಿನ, ಹಿಂದಿನ ಶಾಲೆ, ಮನೆ ವಿಳಾಸ. ಎಲ್ಲ ದುಂಡಗೆ, ನಿಲ್ಲದೆ. ಆಮೇಲೆ ನಿಂತಳು. ನಾನು ಬಗ್ಗಿ ನೋಡಿದೆ. ಜೊತೆಗಿರುವವರು, ಅವರಿಗೂ ವಿದ್ಯಾರ್ಥಿಗೂ ಸಂಬಂಧ ಅಂತ ಇತ್ತು.

"ಇಲ್ಲಿ ಏನ್ ಬರೀಲಿ?" ಅಂದಳು.

ಚುಚ್ಚಿ ಕೇಳಲಿಲ್ಲ ಅಕ್ಕ. ಚುಚ್ಚಿದ್ದರೆ ತಡೆದುಕೊಳ್ಳುತ್ತಿದ್ದೆ. ಯಾವುದು ಬರೆದರೆ ನನಗೆ ತೊಂದರೆ ಆಗುವುದಿಲ್ಲ ಅಂತ ಕೇಳುತ್ತಿದ್ದಳು. ಇಲ್ಲಿ ಯಾವುದನ್ನು ಹೇಳಿದ್ದೀಯ, ಅದನ್ನೇ ಹೇಳುತ್ತೇನೆ ಅನ್ನುವ ಹಾಗೆ. ಹನ್ನೆರಡು ವರ್ಷದವಳು ನನ್ನ ಸುಳ್ಳು ಕಾಯಲು ತಯಾರಾಗಿ ಪೆನ್ನು ಹಿಡಿದು ಕೂತಿದ್ದಳು.

ಪೆನ್ನು ಅವಳ ಕೈಯಿಂದ ತೆಗೆದುಕೊಂಡೆ. ಗುಮಾಸ್ತರು ಒಬ್ಬರೇ ಬರೀಬೇಕಮ್ಮ, ಎರಡು ಕೈಬರಹ ಆಗಬಾರದು ಅಂದರು. ನಾನು ಕೇಳಿಸಿಕೊಳ್ಳದವಳ ಹಾಗೆ ಬಗ್ಗಿ ಬರೆದೆ. ತಾಯಿ. ಎರಡೇ ಅಕ್ಷರ. ಖಾನೆಯ ಗೆರೆ ದಾಟಿ, ಅವಳು ಬರೆದದ್ದಕ್ಕಿಂತ ದೊಡ್ಡದಾಗಿ, ಒಂದು ಕಡೆ ಕಾಗದ ತೂತಾಗುವಷ್ಟು ಒತ್ತಿ ಬಂತು. ಶಾಯಿ ಒರೆಸಲು ಹೋಗಿ ಇನ್ನಷ್ಟು ಹರಡಿತು.

ಅವಳು ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪೆನ್ನಿಗೆ ಕೈ ಚಾಚಿದಳು. ಕೊಟ್ಟೆ. ಮುಂದಿನ ಖಾನೆ ತುಂಬಿದಳು.

ನಿನ್ನ ತಂಗಿ